ಕಾಕ್‌ಪಿಟ್‌ನ ಎರಡನೆಯ ಕುರ್ಚಿ: ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಪ್ರಯಾಣಿಕ ವಿಮಾನದ ಕಾಕ್‌ಪಿಟ್‌ನಲ್ಲಿ ಹಾರಾಟದುದ್ದಕ್ಕೂ ಇಬ್ಬರು ಪೈಲಟ್‌ಗಳಿರಬೇಕೆಂಬ ಪದ್ಧತಿಯನ್ನು ಭಾರತ ಕೈಬಿಡುವುದಿಲ್ಲವೆಂದು ಸರ್ಕಾರ ಲಿಖಿತವಾಗಿ ಹೇಳಲಿ ಎಂಬ ಒಂದೇ ಕೋರಿಕೆಯೊಡನೆ, ಮೂರು ವರ್ಷಗಳಲ್ಲಿ ಸಂಬಂಧಪಟ್ಟ ಕಚೇರಿಯೊಂದಕ್ಕೆ ನಾಲ್ಕು ಪತ್ರ ಬರೆದಿದ್ದೇನೆ. ನಾಲ್ಕಕ್ಕೂ ಬಂದದ್ದು ‘ತಮ್ಮ ಅಹವಾಲು ವಿಲೇವಾರಿಯಾಗಿದೆ’ ಎಂಬ ಒಂದೇ ಸಾಲು. ಅದನ್ನು ಕಳಿಸಿದ್ದು ಮನುಷ್ಯರೋ ಯಂತ್ರವೋ ತಿಳಿಯಲಿಲ್ಲ. ಯಾಂತ್ರೀಕರಣ ಮೊದಲು ಅಲ್ಲಿಗೇ ಬಂದಂತಿದೆ.

ತಿಪಟೂರಿನ ಬಳಿಯ ಮೂರು ಎಕರೆ ತೆಂಗಿನ ತೋಟವನ್ನು ಬ್ಯಾಂಕಿಗೆ ಒತ್ತೆಯಿಟ್ಟು ಮಗಳಿಗೆ ಇನ್ನೂರು ಗಂಟೆಗಳ ಹಾರಾಟ ಕಲಿಸಿದೆ. ಲೈಸೆನ್ಸ್ ಬಂದ ಮೇಲೆ ನಿರ್ದಿಷ್ಟ ಮಾದರಿಯ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗ್ ಎಂಬ ಅರ್ಹತೆಗೆಂದು ಮತ್ತೆ ಸಾಲವಾಯಿತು. ಸಾಲದ ಕಂತು ತಿಂಗಳು ತಪ್ಪುವುದಿಲ್ಲ, ಕೆಲಸದ ಕರೆ ಬರುವುದಿಲ್ಲ. ಕಳೆದ ವರ್ಷ ಸಂದರ್ಶನಕ್ಕೆ ಕರೆದ ಸಂಸ್ಥೆಯೊಂದರ ಅಧಿಕಾರಿ ಅವಳನ್ನು ನಾಲ್ಕು ಗಂಟೆ ಹೊರಗೆ ಕೂರಿಸಿ, ಕೊನೆಗೆ ಲಾಗ್‌ಬುಕ್ಕನ್ನು ತೆರೆದೂ ನೋಡದೆ, ‘ಇನ್ನು ಹತ್ತು ವರ್ಷಕ್ಕೆ ಉಳಿಯುವುದು ಎಡಗಡೆಯ ಕ್ಯಾಪ್ಟನ್ ಕುರ್ಚಿಯೊಂದೇ, ಬಲಗಡೆ ಸಹಪೈಲಟ್ ಆಗಿ ಕೂರಲು ಯಾರೂ ಬೇಕಾಗುವುದಿಲ್ಲ, ಕಂಪ್ಯೂಟರ್ ಏನಾದರೂ ಕಲಿಯಮ್ಮ’ ಎಂದರಂತೆ. ಶುಲ್ಕ ಕಟ್ಟಿಸಿಕೊಂಡ ದಿನ ಈ ಜ್ಞಾನ ಯಾರಿಗೂ ಇರಲಿಲ್ಲ.

ಆ ಮಾತನ್ನು ಗಾಳಿಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ಕ್ಯಾಮೆರಾ ನೋಟದ ಬಲದಿಂದ ತಾನಾಗಿಯೇ ಏರಿ ಇಳಿಯುವ ವಿಮಾನದ ಪರೀಕ್ಷೆಯನ್ನು ಏರ್‌ಬಸ್ 2020ರಲ್ಲೇ ಮುಗಿಸಿದೆ. ದೂರದ ಹಾರಾಟದ ನಡುವೆ ಕಾಕ್‌ಪಿಟ್‌ನಲ್ಲಿ ಒಬ್ಬರೇ ಸಾಕೇ ಎಂಬುದನ್ನು ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಅಧ್ಯಯನ ಮಾಡಿಸಿತು; ಇಬ್ಬರಿದ್ದಷ್ಟೇ ಸುರಕ್ಷತೆಯನ್ನು ಇಂದಿನ ಕಾಕ್‌ಪಿಟ್‌ಗಳಲ್ಲಿ ಸಾಬೀತುಪಡಿಸಲಾಗದೆಂಬ ಉತ್ತರ 2025ರಲ್ಲಿ ಬಂತು. ಅಲ್ಲಿ ಇಷ್ಟು ಚರ್ಚೆಯಾಗುವಾಗ ನಾವೇಕೆ ಬಾಯಿ ಬಿಡುತ್ತಿಲ್ಲ?

1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಏರ್‌ಬಸ್ ಎ320, ಬೆಂಗಳೂರಿನ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿ, 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಇಳಿಯುವಾಗ ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ಕನಿಷ್ಠ ಶಕ್ತಿಯಲ್ಲೇ, ಉಳಿದು ವೇಗ ಕುಸಿಯುತ್ತಿದ್ದುದು ತಡವಾಗಿ ಗಮನಕ್ಕೆ ಬಂದಿತ್ತು. ಅಲ್ಲಿಯೂ ಇಬ್ಬರಿದ್ದರಲ್ಲವೇ ಎಂದು ತಾವು ಕೇಳಬಹುದು. ಇದ್ದರು. ಯಂತ್ರ ಮಾಡುತ್ತಿರುವುದೇನೆಂದು ಇಬ್ಬರಿಗೂ ಹೊತ್ತಿಗೆ ಸರಿಯಾಗಿ ಹೊಳೆಯದ್ದು ಒಬ್ಬರಿಗೆ ಬೇಗ ಹೊಳೆಯುತ್ತದೆಂಬ ಲೆಕ್ಕ, ಮೂವತ್ತು ವರ್ಷ ಗಣಿತ ಪಾಠ ಮಾಡಿದ ನನಗಂತೂ ಅರ್ಥವಾಗುವುದಿಲ್ಲ. 2018 ಮತ್ತು 2019ರಲ್ಲಿ ಒಂದೇ ಸಂವೇದಕದ ಸುಳ್ಳು ಮಾಹಿತಿಯನ್ನು ನಂಬಿದ ತಂತ್ರಾಂಶವು ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತಿ, 346 ಜೀವಗಳು ಹೋದದ್ದೂ ತಮಗೆ ತಿಳಿಯದ್ದಲ್ಲ.

ನಿಯಮಗಳನ್ನು ತಮಗೆ ನಾನು ಹೇಳಿಕೊಡಬೇಕಿಲ್ಲ. ಇಬ್ಬರು ಪೈಲಟ್‌ಗಳು ಇರುತ್ತಾರೆಂದು ಬರೆದು ಕೊಡಿ. ಅಂತರರಾಷ್ಟ್ರೀಯ ಸಭೆಗಳಲ್ಲಿಯೂ ಅದನ್ನೇ ಹೇಳಿ. ಹೇಳಲಾಗದಿದ್ದರೆ ಇರುವುದಿಲ್ಲವೆಂದಾದರೂ ಬರೆದು ಕೊಡಿ. ಇನ್ನೊಬ್ಬ ತಂದೆ ತೋಟವನ್ನು ಒತ್ತೆಯಿಡುವ ಮೊದಲು ಓದಿಕೊಳ್ಳಲಿ. ಈ ಐದನೆಯ ಪತ್ರವನ್ನು ದಯವಿಟ್ಟು ವಿಲೇವಾರಿ ಮಾಡಬೇಡಿ, ಉತ್ತರ ಕೊಡಿ.

ಇತಿ,
ನಿವೃತ್ತ ಗಣಿತ ಶಿಕ್ಷಕ, ತಿಪಟೂರು ತಾಲ್ಲೂಕು