ಮಾರ್ಚ್ 16ಕ್ಕೆ ಸೆಂಟ್ರಲ್ ಕಾಲೇಜಿನಲ್ಲಿ ಮಕ್ಕಳಿಗೂ ಜಾಗ ಕೊಡಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ಈಚೆಗೆ ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಮೆಟ್ರೋದಲ್ಲಿ ಹೋಗುತ್ತಿದ್ದೆ. ವಿಧಾನಸೌಧ ದಾಟಿದ ಮೇಲೆ ಮೈಕಿನಲ್ಲಿ ಮುಂದಿನ ನಿಲ್ದಾಣದ ಹೆಸರು ಬಂತು. ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು. ‘ಎರಡೆರಡು ಹೆಸರು ಯಾಕೆ ಸಾರ್?’ ಅಂತ ಒಬ್ಬ ಕೇಳಿದ. ಅವರು ಓದಿದ್ದು ಇದೇ ಕಾಲೇಜಿನಲ್ಲಿ ಕಣಪ್ಪ ಅಂದೆ. ‘ಇಂಜಿನಿಯರಿಂಗಾ ಸಾರ್?’ ಅಲ್ಲ, ಬಿ.ಎ., 1881ರಲ್ಲಿ. ಎಲ್ಲರೂ ನಕ್ಕರು. ವಿಶ್ವೇಶ್ವರಯ್ಯನವರು ಬಿ.ಎ. ಓದಿದ್ದರು ಅನ್ನೋದನ್ನು ಅವರು ನಂಬಲೇ ಇಲ್ಲ. ಪುಣೆಗೆ ಹೋಗಿ ಇಂಜಿನಿಯರಿಂಗ್ ಮಾಡಿದ್ದು ಆಮೇಲೆ.

ಆ ನಗುವಿನಿಂದಲೇ ಈ ಪತ್ರ ಶುರುವಾಯಿತು. ಕೇಳುವುದು ಒಂದೇ ವಿಷಯ. ಅದಕ್ಕೆ ಮೊದಲು ಸ್ವಲ್ಪ ಹಳೇ ಕಥೆ ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ, ಮೇಷ್ಟ್ರ ಅಭ್ಯಾಸ.

1858ರಲ್ಲಿ ಅದು ಬರೀ ಒಂದು ಹೈಸ್ಕೂಲು. 1875ರಲ್ಲಿ ಸೆಂಟ್ರಲ್ ಕಾಲೇಜು ಆಯಿತು. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾಲಯ ಇರಲಿಲ್ಲ. ಪಾಠ ಬೆಂಗಳೂರಿನಲ್ಲಿ, ಪರೀಕ್ಷೆ ಮತ್ತು ಪದವಿ ಮದ್ರಾಸು ವಿಶ್ವವಿದ್ಯಾಲಯದ್ದು. ಇದು ಬದಲಾಗಿದ್ದು 1916ರ ಜುಲೈನಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಇದೇ ಕಾಲೇಜಿನ ಹಳೇ ವಿದ್ಯಾರ್ಥಿ ವಿಶ್ವೇಶ್ವರಯ್ಯ. ಹೊಸ ವಿಶ್ವವಿದ್ಯಾಲಯದ ಕೈಯಲ್ಲಿ ಇದ್ದದ್ದು ಎರಡು ಕಾಲೇಜು. ಅವುಗಳ ನಡುವೆ ಕೆಲಸ ಹಂಚಿದರು. ಕಲಾ ವಿಷಯಗಳು ಮೈಸೂರಿನ ಮಹಾರಾಜಾ ಕಾಲೇಜಿಗೆ, ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಹಾಗೆ ಅದು ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಾಯಿತು.

ನನಗೆ ಜಾಸ್ತಿ ಇಷ್ಟವಾಗುವುದು ಅದರ ನಂತರದ ಹನ್ನೆರಡು ವರ್ಷ.

ಬೆಳ್ಳಾವೆ ವೆಂಕಟನಾರಣಪ್ಪನವರು ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ತರಗತಿಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೆ 1918ರಲ್ಲಿ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ ‘ವಿಜ್ಞಾನ’ ಅಂತ ಕನ್ನಡದಲ್ಲೇ ಒಂದು ಮಾಸಪತ್ರಿಕೆ ಶುರು ಮಾಡಿದರು. ನಡೆದದ್ದು ಎರಡೇ ವರ್ಷ. ಇವತ್ತು ನಾನು ಎಂಟನೇ ಕ್ಲಾಸಿಗೆ ಕನ್ನಡದಲ್ಲಿ ವಿಜ್ಞಾನ ಹೇಳುವಾಗ ಪದಗಳು ಸಿದ್ಧವಾಗಿ ಸಿಗುತ್ತವೆ. ಆಗ ಒಂದೊಂದು ಪದವನ್ನೂ ಹುಡುಕಬೇಕು, ಇಲ್ಲಾ ಕಟ್ಟಬೇಕು. ಇದೇ ಬೆಳ್ಳಾವೆಯವರು ಮುಂದೆ ಪಂಪಭಾರತದ ಸಂಪಾದನೆಗೂ ಕೂತರು. ಭೌತಶಾಸ್ತ್ರದ ಮೇಷ್ಟ್ರು ಪಂಪನನ್ನು ಸಂಪಾದಿಸಿದರು ಅಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ಹುಬ್ಬೇರಿಸುತ್ತಾರೆ! ಅದೇ ಕಾಲೇಜಿನ ಕರ್ನಾಟಕ ಸಂಘದಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹುಟ್ಟುಹಾಕಿದ್ದೂ ಆ ದಿನಗಳಲ್ಲೇ. ವಿಜ್ಞಾನ ಒಂದು ಕಡೆ, ಕನ್ನಡ ಇನ್ನೊಂದು ಕಡೆ ಅನ್ನುವ ಗೋಡೆ ಆ ಕ್ಯಾಂಪಸ್ಸಿನಲ್ಲಿ ಇರಲಿಲ್ಲ.

ಇನ್ನು 1928. ಫೆಬ್ರವರಿ 28ರಂದು ಸಿ.ವಿ. ರಾಮನ್ ಕೋಲ್ಕತ್ತಾದಲ್ಲಿ ತಮ್ಮ ಹೊಸ ಬೆಳಕನ್ನು ಕಂಡರು, ಮುಂದೆ ‘ರಾಮನ್ ಪರಿಣಾಮ’ ಅಂತ ಹೆಸರಾದದ್ದು ಅದೇ. ಆ ದಿನ ಎಲ್ಲರಿಗೂ ಗೊತ್ತು, ರಾಷ್ಟ್ರೀಯ ವಿಜ್ಞಾನ ದಿನ ಅಂತ ಪ್ರತಿ ಶಾಲೆಯಲ್ಲೂ ಪ್ರಬಂಧ ಬರೆಸುತ್ತೇವೆ. ಆದರೆ ಮಕ್ಕಳ ಪ್ರಬಂಧ ಕೋಲ್ಕತ್ತಾದಿಂದ ಸೀದಾ 1930ರ ನೊಬೆಲ್‌ಗೆ ಹಾರುತ್ತದೆ. ನಡುವೆ ಬೆಂಗಳೂರು ಇದೆ. ಹದಿನೇಳು ದಿನ ಕಳೆದು, ಮಾರ್ಚ್ 16ರ ಸಂಜೆ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ರಾಮನ್ ಈ ಶೋಧವನ್ನು ವಿವರವಾಗಿ ಮುಂದಿಟ್ಟರು. ಜಾಗ ಇದೇ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರ ವಿಭಾಗ. ಅಣು ಪರಮಾಣುಗಳಿಂದ ಹೊರಡುವ ಒಂದು ಹೊಸ ಬಗೆಯ ಬೆಳಕಿನ ಬಗ್ಗೆ ಮಾತನಾಡುತ್ತೇನೆ ಅಂತ ಶುರು ಮಾಡಿದರು. ಜೊತೆಗೆ ದುಡಿದ ಕೆ.ಎಸ್. ಕೃಷ್ಣನ್ ಅವರನ್ನು ನೆನೆದರು. ಅದೇ ತಿಂಗಳ ಕೊನೆಗೆ ಆ ಭಾಷಣ ಅಚ್ಚಾಯಿತು. ರಾಮನ್ ಬೆಂಗಳೂರಿನವರಾಗಿದ್ದು ಇನ್ನೂ ಐದು ವರ್ಷ ಬಿಟ್ಟು, 1933ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದಾಗ.

ಮಾತು ಅರ್ಥವಾಗುವ ಕಿವಿಗಳೂ ಇಲ್ಲಿದ್ದವು. ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಬಿ. ವೆಂಕಟೇಶಾಚಾರ್ ಅವರ ಕೆಲಸವೂ ರೋಹಿತಗಳ ಮೇಲೇ. ಬೆಳಕನ್ನು ಗೆರೆ ಗೆರೆಯಾಗಿ ಬಿಡಿಸಿ ಓದುವ ವಿದ್ಯೆ ಅದು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿ.ಎನ್.ಆರ್. ರಾವ್ ಇಲ್ಲಿಂದಲೇ 1951ರಲ್ಲಿ ಬಿ.ಎಸ್ಸಿ. ಮುಗಿಸಿದರು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಆದಾಗ ಸೆಂಟ್ರಲ್ ಕಾಲೇಜು ಅದರ ಪಾಲಾಯಿತು. 1970ರ ದಶಕದಲ್ಲಿ ವಿಶ್ವವಿದ್ಯಾಲಯ ಜ್ಞಾನಭಾರತಿಗೆ ಹೊರಟಿತು. 2017ರಲ್ಲಿ ವಿಶ್ವವಿದ್ಯಾಲಯವನ್ನು ಮೂರು ಭಾಗ ಮಾಡಿದಾಗ ಹಳೇ ಕ್ಯಾಂಪಸ್ಸಿಗೆ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯ ಅನ್ನುವ ಹೆಸರು ಬಂತು, ಆಮೇಲೆ ಬೆಂಗಳೂರು ನಗರ ವಿಶ್ವವಿದ್ಯಾಲಯ ಆಯಿತು. 2025ರ ಬಜೆಟ್ಟಿನಲ್ಲಿ ಡಾ. ಮನಮೋಹನ್ ಸಿಂಗ್ ಅವರ ಹೆಸರಿಡುವುದಾಗಿ ನಿಮ್ಮ ಸರ್ಕಾರವೇ ಹೇಳಿತು. ಬೋರ್ಡಿನ ಬಗ್ಗೆ ನನಗೆ ಜಗಳ ಇಲ್ಲ. ಜನ ಹೇಗಿದ್ದರೂ ಸೆಂಟ್ರಲ್ ಕಾಲೇಜು ಅಂತಲೇ ಕರೆಯುತ್ತಾರೆ, ಅಲ್ವಾ?

ಈಗ ನನ್ನ ಬೇಡಿಕೆ. 2028ರ ಮಾರ್ಚ್ 16ಕ್ಕೆ ಆ ಭಾಷಣಕ್ಕೆ ನೂರು ವರ್ಷ. ದೊಡ್ಡ ಸಮಾರಂಭ ಹೇಗೂ ಮಾಡುತ್ತೀರಿ. ಹೊರಗಿನಿಂದ ವಿಜ್ಞಾನಿಗಳು ಬರುತ್ತಾರೆ, ಶಾಲು, ಹಾರ, ಫ್ಲೆಕ್ಸು ಎಲ್ಲ ಇರುತ್ತದೆ. ಇರಲಿ. ಆದರೆ ಆ ದಿನ ಅದೇ ಭೌತಶಾಸ್ತ್ರ ವಿಭಾಗದಲ್ಲಿ ಒಂದು ಹೊತ್ತನ್ನು ಸರ್ಕಾರಿ ಕನ್ನಡ ಶಾಲೆಯ ಮಕ್ಕಳಿಗೆ ಮೀಸಲಿಡಿ. ರಾಮನ್ ಏನು ಕಂಡರು ಅನ್ನುವುದನ್ನು ಕನ್ನಡದಲ್ಲಿ, ಪ್ರಯೋಗ ಮಾಡಿ ತೋರಿಸಿ ಹೇಳುವವರು ಒಬ್ಬರು ಇರಲಿ. ಆ ಭಾಷಣ ಅಚ್ಚಿನಲ್ಲಿ ಹತ್ತು ಹನ್ನೆರಡು ಪುಟ, ಅಷ್ಟೇ. ಅದನ್ನು ಹೈಸ್ಕೂಲ್ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಪುಸ್ತಿಕೆ ಮಾಡಿ ಅವರ ಕೈಗೆ ಕೊಡಿ. ಬೆಳ್ಳಾವೆಯವರು ಎರಡು ವರ್ಷ ಮಾಡಿದ ಕೆಲಸವನ್ನು ಒಂದು ದಿನವಾದರೂ ಅವರ ಕಾಲೇಜಿನಲ್ಲೇ ಮಾಡಿದಂತಾಗುತ್ತದೆ.

ಸುಮ್ನೆ ನೋಡಿಕೊಂಡು ಹೋಗಲು ಬರುತ್ತೇವೆ ಅಂದುಕೊಳ್ಳಬೇಡಿ. ನಮ್ಮ ಮಕ್ಕಳಿಗೆ ಚಪ್ಪಲಿ ಡಬ್ಬಿ, ಹಳೇ ಸಿ.ಡಿ. ಇಟ್ಟುಕೊಂಡು ರೋಹಿತದರ್ಶಕ ಮಾಡಲು ಬರುತ್ತದೆ. ಅದರಲ್ಲಿ ಟ್ಯೂಬ್‌ಲೈಟ್ ನೋಡಿದರೆ ಹಸಿರು, ನೇರಳೆ ಗೆರೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಅವು ಪಾದರಸದ ಗೆರೆಗಳು. ರಾಮನ್ ಬಳಸಿದ್ದೂ ಪಾದರಸದ ದೀಪವನ್ನೇ. ಅವರು ಆ ಬೆಳಕನ್ನು ಬೆಂಜೀನ್‌ನಂಥ ದ್ರವದೊಳಗೆ ಹಾಯಿಸಿದರು. ಚದುರಿ ಬಂದ ಬೆಳಕಿನಲ್ಲಿ ಮೂಲದ ಗೆರೆಯ ಪಕ್ಕ, ಮೊದಲು ಇಲ್ಲದ ಮಂಕಾದ ಗೆರೆಗಳು ಕಂಡವು. ಆ ಮಂಕು ಗೆರೆ ನಮ್ಮ ಡಬ್ಬಿಯಲ್ಲಿ ಕಾಣುವುದಿಲ್ಲ. ಅದನ್ನು ನೋಡಲಿಕ್ಕೇ ಮಕ್ಕಳು ನಿಮ್ಮಲ್ಲಿಗೆ ಬರಬೇಕು.

ಇನ್ನೊಂದು ಸಣ್ಣ ಮಾತು. ಮಾರ್ಚ್ ತಿಂಗಳು ಅಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಡಿಬಿಡಿ, ಹತ್ತನೇ ಕ್ಲಾಸಿನವರು ಬರಲಾರರು. ಎಂಟು, ಒಂಬತ್ತನೆಯವರನ್ನು ಕರೆಯಿರಿ. ಆ ದಿನ ಗುರುವಾರ, ನಾನು ಕ್ಯಾಲೆಂಡರ್ ಲೆಕ್ಕ ಹಾಕಿ ನೋಡಿದ್ದೇನೆ. ಸುತ್ತೋಲೆ ಜನವರಿಯೊಳಗೆ ಶಾಲೆಗಳಿಗೆ ತಲುಪಿದರೆ ಮಕ್ಕಳ ಹಾಜರಿ, ಪೋಷಕರ ಒಪ್ಪಿಗೆ ಪತ್ರ, ಮಧ್ಯಾಹ್ನದ ಊಟ ಎಲ್ಲ ನಾವು ನೋಡಿಕೊಳ್ಳುತ್ತೇವೆ. ಬರುವ ದಾರಿ ಮಕ್ಕಳಿಗೆ ಗೊತ್ತು. ಮೈಕಿನಲ್ಲಿ ಎರಡು ಹೆಸರು ಬಂದ ಕೂಡಲೇ ಇಳಿಯುತ್ತಾರೆ.

ಇಂತಿ,
ಒಬ್ಬ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು