ನೇಪಾಳಕ್ಕೆ ಹೊರಟ ಗೆಳೆಯನಿಗೆ

ಪ್ರೀತಿಯ ಮಾರಾಯ,

ನಿನ್ನ ಮೆಸೇಜು ನೋಡಿದೆ. ದಸರಾ ರಜೆಗೆ ಇನ್ನಷ್ಟು ರಜೆ ಸೇರಿಸಿ ಕಾಠ್ಮಂಡುವಿಗೆ ಹೋಗುತ್ತೀಯಂತೆ. ಅಲ್ಲಿ ಒಂದು ಅನಾಥಾಲಯದಲ್ಲಿ ಮೂರು ವಾರ ಮಕ್ಕಳ ಜೊತೆ ಇರುತ್ತೀಯಂತೆ. ಏಜೆನ್ಸಿಗೆ ಮುಂಗಡವನ್ನೂ ಕಟ್ಟಿ ಆಗಿದೆ. "ನೀನು ಅಂಥ ಕಡೆ ಬೆಳೆದವನಲ್ವಾ, ಮಕ್ಕಳಿಗೆ ಏನು ತಗೊಂಡು ಹೋದ್ರೆ ಖುಷಿ ಆಗುತ್ತೆ ಹೇಳು" ಅಂತ ಕೇಳಿದ್ದೀಯ. ಏನು ತೆಗೆದುಕೊಂಡು ಹೋಗಬೇಕು ಅನ್ನುವುದು ಆಮೇಲಿನ ಮಾತು. ಹೋಗಬೇಕಾ ಅನ್ನುವುದೇ ಮೊದಲು ಉಂಟು. ಫೋನಿನಲ್ಲಿ ಹೇಳಿದರೆ ನಮ್ಮಿಬ್ಬರಿಗೆ ಜಗಳ ಆದೀತು, ಅದಕ್ಕೇ ಬರೆಯುತ್ತಿದ್ದೇನೆ. ಬೇರೆಯವರೂ ಇದನ್ನೇ ಕೇಳಿದ್ದರಿಂದ ನಿನ್ನ ಹೆಸರು ಬಿಟ್ಟು ಎಲ್ಲರೂ ಓದುವ ಹಾಗೆ ಹಾಕುತ್ತೇನೆ. ಬೇಜಾರು ಮಾಡಬೇಡ.

ನಾನು ಆಶ್ರಮದಲ್ಲಿ ಬೆಳೆದವನು ಅಂತ ನಿನಗೆ ಗೊತ್ತು. ನನ್ನ ಅಮ್ಮನೂ ನಿನಗೆ ಗೊತ್ತು. ಅವರು ಮಾಡಿದ ಪತ್ರೊಡೆಯನ್ನು ನಾಚಿಕೆ ಇಲ್ಲದೆ ಕೇಳಿ ಕೇಳಿ ಹಾಕಿಸಿಕೊಂಡವನು ನೀನು. ಆದರೆ ಅಮ್ಮ ಇರುವವನು ಅನಾಥಾಲಯದಲ್ಲಿ ಯಾಕಿದ್ದ ಅಂತ ನೀನು ಒಮ್ಮೆಯೂ ಕೇಳಲಿಲ್ಲ. ಸಂಕೋಚದಿಂದ ಇರಬೇಕು. ಈಗ ಹೇಳುತ್ತೇನೆ.

ಅಪ್ಪ ತೀರಿಕೊಂಡಾಗ ನಾವು ಮೂರು ಮಕ್ಕಳು. ಅಮ್ಮನಿಗೆ ಬೀಡಿ ಕಟ್ಟುವುದು ಬಿಟ್ಟು ಬೇರೆ ಆದಾಯ ಇರಲಿಲ್ಲ. ಕಾಸರಗೋಡಿನ ನಮ್ಮ ಬದಿಯಡ್ಕದ ಕಡೆ ಆಗ ಎಷ್ಟೋ ಮನೆಗಳಲ್ಲಿ ಅದೇ ಕಥೆ. ಎಲೆ ನೆನೆಸು, ಕತ್ತರಿಸು, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತು, ನೂಲು ಕಟ್ಟು. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ "ಇದು ಸರಿ ಇಲ್ಲ" ಅಂತ ಒಂದಷ್ಟನ್ನು ಬದಿಗೆ ತಳ್ಳುತ್ತಿದ್ದರು. ಅಷ್ಟರಲ್ಲಿ ಪರಿಚಯದವರೊಬ್ಬರು "ಒಂದು ಆಶ್ರಮ ಉಂಟು, ಊಟ, ಬಟ್ಟೆ, ಶಾಲೆ ಎಲ್ಲ ಅವರದ್ದೇ" ಅಂದರು. ದೊಡ್ಡವನು ನಾನು, ನನ್ನನ್ನು ಕಳಿಸಿದರು. ಒಂದು ಬಾಯಿ ಕಡಿಮೆ ಆದರೆ ಉಳಿದ ಇಬ್ಬರಿಗೆ ಸಾಕಾದೀತು ಅನ್ನುವ ಲೆಕ್ಕ. ಅಮ್ಮ ಆ ಲೆಕ್ಕವನ್ನು ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ.

ಅಲ್ಲಿಗೆ ಬಂದವರಿಗೆ ನಮ್ಮನ್ನು ತೋರಿಸಿ ಹೇಳುತ್ತಿದ್ದದ್ದು ಒಂದೇ ಮಾತು: "ಇವರಿಗೆ ಯಾರೂ ಇಲ್ಲ." ಆಗ ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದ ಹುಡುಗನ ಅಪ್ಪ ಆಗಾಗ ಬಂದು ಗೇಟಿನ ಹತ್ತಿರ ಚಕ್ಕುಲಿ ಪೊಟ್ಟಣ ಕೊಟ್ಟು ಹೋಗುತ್ತಿದ್ದರು. ನಮ್ಮಲ್ಲಿ ನಿಜವಾಗಿ ತಂದೆ ತಾಯಿ ಇಬ್ಬರೂ ಇಲ್ಲದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಸುಳ್ಳು ಹೇಳಬಾರದು, ಹೊಟ್ಟೆಗೆ ಕಡಿಮೆ ಆಗಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದದ್ದೂ ಅಲ್ಲಿಂದಲೇ. ಯಾರದ್ದೋ ಹುಟ್ಟುಹಬ್ಬ, ಯಾರದ್ದೋ ವರ್ಷಾಂತಿಕ ಅಂದರೆ ನಮಗೆ ಪಾಯಸ. ಸಾಲಾಗಿ ಕೂತು ಪ್ರಾರ್ಥನೆ ಹಾಡಬೇಕು, ಫೋಟೋ ತೆಗೆಸಿಕೊಳ್ಳಬೇಕು, ಆಮೇಲೆ ಊಟ. ಬಡಿಸಿದವರು ಎದುರಿಗೆ ನಿಂತು ನಾವು ತಿನ್ನುವುದನ್ನೇ ನೋಡುತ್ತಿದ್ದರು. ಇದು ಅಭ್ಯಾಸವಾಗುತ್ತದೆ.

ಅಭ್ಯಾಸವಾಗಲು ಕಷ್ಟವಾದದ್ದು ಉಳಿಯಲು ಬಂದವರದ್ದು. ಒಂದು ವರ್ಷ ಹೊರದೇಶದಿಂದ ಒಬ್ಬ ಅಕ್ಕ, ಒಬ್ಬ ಅಣ್ಣ ಬಂದರು. ಒಳ್ಳೆಯವರು, ಅದರಲ್ಲಿ ಸಂಶಯವೇ ಇಲ್ಲ. ಅಕ್ಕ ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಹಕ್ಕಿ ಮಡಚಲು ಕಲಿಸಿದಳು. ಸಂಜೆ ಸಣ್ಣವರ ತಲೆ ಬಾಚುತ್ತಿದ್ದಳು. ಹೋಗುವ ದಿನ ನಮಗಿಂತ ಜಾಸ್ತಿ ಅವಳೇ ಅತ್ತಳು. ಆಮೇಲೆ ಮತ್ತೊಂದು ಜೋಡಿ ಬಂತು, ಮತ್ತೆ ಹೋಯಿತು. ಅಷ್ಟರಲ್ಲಿ ನಾವು ದೊಡ್ಡ ಹುಡುಗರು ಪಳಗಿದ್ದೆವು. ಯಾರ ಹತ್ತಿರ ಚಾಕೊಲೇಟು ಉಂಟು, ಯಾರು ವಾಚು ಬಿಟ್ಟು ಹೋಗುವ ಪೈಕಿ, ಯಾರ ಎದುರು ಮುಖ ಸಪ್ಪೆ ಮಾಡಿದರೆ ಕೆಲಸ ಆಗುತ್ತದೆ, ಎಲ್ಲ ಒಂದೇ ದಿನದಲ್ಲಿ ಅಂದಾಜು ಸಿಗುತ್ತಿತ್ತು.

ಸಣ್ಣವರದ್ದು ಬೇರೆ. ಒಬ್ಬ ಪೋರ ಇದ್ದ, ಶಾಲೆಗೆ ಸೇರುವ ವಯಸ್ಸೂ ಆಗಿರಲಿಲ್ಲ. ಯಾರು ಬಂದರೂ ಓಡಿಹೋಗಿ ಮಡಿಲಲ್ಲಿ ಕೂರುತ್ತಿದ್ದ. ಬಂದವರಿಗೆಲ್ಲ "ಅಯ್ಯೋ, ಎಷ್ಟು ಪ್ರೀತಿಯ ಮಗು!" ಒಮ್ಮೆ ಕರೆಂಟಿನ ಮೀಟರು ನೋಡಲು ಬಂದವರ ಕೈ ಹಿಡಿದುಕೊಂಡು ಗೇಟು ದಾಟಿ ರಸ್ತೆಯವರೆಗೆ ಹೋಗಿಬಿಟ್ಟ. ಪಾಪ, ಆ ಮನುಷ್ಯ ಒಂದು ಕೈಯಲ್ಲಿ ಬಿಲ್ಲಿನ ಪುಸ್ತಕ, ಇನ್ನೊಂದು ಕೈಯಲ್ಲಿ ಇವನನ್ನು ಹಿಡಿದುಕೊಂಡು ವಾಪಸು ಬಂದರು. ನಾವೆಲ್ಲ ನಕ್ಕೆವು.

ಅದು ನಗುವ ವಿಷಯ ಅಲ್ಲ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ರೊಮೇನಿಯಾದ ಮಕ್ಕಳ ಬಗ್ಗೆ ಓದಿದಾಗ. ಅಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಬಿದ್ದ ಮೇಲೆ ಅನಾಥಾಲಯಗಳಲ್ಲಿ ತುಂಬಿದ್ದ ಮಕ್ಕಳನ್ನು ಜಗತ್ತು ನೋಡಿತು. 2000ದಲ್ಲಿ ಬುಕಾರೆಸ್ಟಿನಲ್ಲಿ ಒಂದು ಅಧ್ಯಯನ ಶುರುವಾಯಿತು. 136 ಪುಟ್ಟ ಮಕ್ಕಳು, ಅರ್ಧದಷ್ಟು ಮಂದಿಯನ್ನು ಸಾಕು ಕುಟುಂಬಗಳಿಗೆ ಕೊಟ್ಟರು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕಿದ ಮಕ್ಕಳು ಬುದ್ಧಿಯಲ್ಲೂ, ಜನರ ಜೊತೆ ಹೊಂದಿಕೊಳ್ಳುವುದರಲ್ಲೂ ಚೆನ್ನಾಗಿ ಚೇತರಿಸಿಕೊಂಡರು. ಅಪರಿಚಿತರು ಯಾರೇ ಬಂದರೂ ಅಂಟಿಕೊಳ್ಳುವುದು, ಅವರ ಜೊತೆ ಹೊರಟೇಹೋಗುವುದು ಇಂಥ ಕಡೆ ಬೆಳೆದ ಮಕ್ಕಳಲ್ಲಿ ಕಾಣುವ ತೊಂದರೆ ಅಂತಲೂ ಓದಿದೆ. ನಮ್ಮ ಪೋರನ ನೆನಪಾಯಿತು. ನೀನು ಹೋದ ಮೊದಲ ದಿನವೇ ನಿನ್ನ ಕುತ್ತಿಗೆಗೆ ಯಾರಾದರೂ ಜೋತುಬಿದ್ದರೆ ಅದು ನಿನ್ನ ಒಳ್ಳೆಯತನ ಕಂಡು ಅಂತ ತಿಳಿಯಬೇಡ.

ಇನ್ನು ನೇಪಾಳದ ವಿಷಯ. ನಮಗೂ ಅವರಿಗೂ ನಂಟು ಹಳೆಯದು. ಪಶುಪತಿನಾಥನ ಪೂಜೆ ಮಾಡುವುದು ಕರ್ನಾಟಕದ ಕಡೆಯಿಂದ ಹೋದ ಭಟ್ಟರು. ಹೋಗಲು ನಮಗೆ ವೀಸಾ ಕೂಡ ಬೇಡ. ಅದಕ್ಕೇ ನಿನ್ನ ಹಾಗೆ ಹೊರಡುವವರು ಜಾಸ್ತಿ. ಆದರೆ ಒಮ್ಮೆ ನಕ್ಷೆ ನೋಡು. ಆ ದೇಶದ ಮಕ್ಕಳ ಮನೆಗಳಲ್ಲಿ ಹೆಚ್ಚಿನವು ಇರುವುದು ಕಾಠ್ಮಂಡು ಕಣಿವೆ, ಪೋಖರಾ, ಚಿತವನದ ಕಡೆ, ಅಂದರೆ ಟೂರಿಸ್ಟುಗಳು ಹೋಗುವ ಕಡೆ. ಬಡತನ ಜಾಸ್ತಿ ಇರುವುದು ಪಶ್ಚಿಮದ ಕರ್ಣಾಲಿ ಗುಡ್ಡಗಳಲ್ಲಿ. ಮಕ್ಕಳು ಅಲ್ಲಿಂದ ಇಲ್ಲಿಗೆ ಹೇಗೆ ಬಂದರು?

1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳಿಗೂ ಸರಕಾರಕ್ಕೂ ಯುದ್ಧ ನಡೆಯಿತು. ಟಿಬೆಟ್ ಗಡಿಯ ಹುಮ್ಲಾದಂಥ ಜಿಲ್ಲೆಗಳಲ್ಲಿ ಮಕ್ಕಳನ್ನೂ ಮಾವೋವಾದಿಗಳು ತಮ್ಮ ದಳಕ್ಕೆ ಎಳೆದುಕೊಂಡು ಹೋಗುತ್ತಾರೆ ಅನ್ನುವ ಭಯ. ಆಗ ದಲ್ಲಾಳಿಗಳು ಬಂದರು. "ನಿಮ್ಮ ಮಗುವನ್ನು ಕಾಠ್ಮಂಡುವಿನ ಒಳ್ಳೆ ಬೋರ್ಡಿಂಗ್ ಶಾಲೆಗೆ ಸೇರಿಸುತ್ತೇವೆ" ಅಂದರು. ಹೆತ್ತವರು ಸಾಲ ಮಾಡಿ, ಭೂಮಿ ಮಾರಿ ದುಡ್ಡು ಕೊಟ್ಟು ಕಳಿಸಿದರು. ಹಾಗೆ ಹೋದ ಎಷ್ಟೋ ಮಕ್ಕಳು ಅನಾಥಾಲಯ ಸೇರಿದರು, ತಂದೆ ತಾಯಿ ಸತ್ತಿದ್ದಾರೆ ಅಂತ ಕಾಗದ ತಯಾರಾಯಿತು. 2015ರ ಭೂಕಂಪದ ಮೇಲೆ ಇದು ಮತ್ತೆ ನಡೆದೀತು ಅಂತ ಹೆದರಿ, ಅನುಮತಿ ಇಲ್ಲದೆ ಮಕ್ಕಳನ್ನು ಜಿಲ್ಲೆ ದಾಟಿಸಬಾರದು ಅಂತ ಸರಕಾರ ಕಟ್ಟಪ್ಪಣೆ ಮಾಡಬೇಕಾಯಿತು.

ನೇಪಾಳ ಒಂದೇ ಅಲ್ಲ. ಅಂಗ್ಕೋರ್ ದೇವಸ್ಥಾನ ನೋಡಲು ಜನ ನುಗ್ಗುವ ಕಾಂಬೋಡಿಯಾದಲ್ಲಿ 2005ರಿಂದ 2010ರ ಒಳಗೆ ಅನಾಥಾಲಯಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು. ಆ ಹೊತ್ತಿಗೆ ಅಲ್ಲಿ ಯುದ್ಧ ಮುಗಿದು ವರ್ಷಗಳಾಗಿದ್ದವು. ಮಕ್ಕಳಲ್ಲಿ ನಾಲ್ವರಿಗೆ ಮೂವರ ಹಾಗೆ ತಂದೆಯೋ ತಾಯಿಯೋ ಬದುಕಿದ್ದರು. "ಮಕ್ಕಳು ಪ್ರೇಕ್ಷಣೀಯ ಸ್ಥಳಗಳಲ್ಲ" ಅಂತ ಅಲ್ಲಿ ಪ್ರಚಾರವನ್ನೇ ಮಾಡಬೇಕಾಯಿತು. 2018ರಲ್ಲಿ ಆಸ್ಟ್ರೇಲಿಯಾ ಆಧುನಿಕ ಗುಲಾಮಗಿರಿಯ ಬಗ್ಗೆ ಕಾನೂನು ತಂದಾಗ ಇಂಥ ಅನಾಥಾಲಯ ದಂಧೆಯನ್ನೂ ಆ ಲೆಕ್ಕಕ್ಕೆ ಸೇರಿಸಿತು. ಅಲ್ಲಿಂದ ಹೋಗುವ ಹುಡುಗ ಹುಡುಗಿಯರ ಫೀಸೇ ಈ ದಂಧೆಗೆ ಮೇವು ಅಂತ ಅವರಿಗೆ ಗೊತ್ತಾಗಿತ್ತು.

ಎಲ್ಲ ಕಡೆಯೂ ಹೀಗೆಯೇ ಅಂತ ನಾನು ಹೇಳುವುದಿಲ್ಲ. ಒಳ್ಳೆ ಮನಸ್ಸಿನವರು ನಡೆಸುವ ಜಾಗಗಳೂ ಉಂಟು. ಆದರೆ ಅಲ್ಲಿಯೂ ಒಂದು ಸಿಕ್ಕು ಇರುತ್ತದೆ. ಮಕ್ಕಳು ಇದ್ದರೆ ನೀನು ಬರುತ್ತೀಯ, ನೀನು ಬಂದರೆ ಹಣ ಬರುತ್ತದೆ. ಮಗು ಮನೆಗೆ ಹೋದರೆ ಹಣ ನಿಂತಿತು. ಹಾಗಿರುವಾಗ ಮಗುವನ್ನು ಬೇಗ ಮನೆಗೆ ಕಳಿಸುವ ಅವಸರ ಯಾರಿಗೆ ಇರುತ್ತದೆ ಹೇಳು? ನಮ್ಮ ಆಶ್ರಮದಲ್ಲಿ ಓಣಂ, ದಸರಾಕ್ಕೆ ಮನೆಗೆ ಬಿಡುತ್ತಿರಲಿಲ್ಲ. ದಾನಿಗಳು ಜಾಸ್ತಿ ಬರುವುದು ಹಬ್ಬಕ್ಕೇ. ಅವರು ಬಂದಾಗ ಹಾಲ್ ಖಾಲಿ ಇದ್ದರೆ ಆಗುತ್ತದಾ?

ನೀನು ಹೋಗುವುದೂ ಅಂಥ ಹೊತ್ತಿಗೇ. ನಮ್ಮ ದಸರಾ ಅವರಿಗೆ ದಶೈಂ. ದುಡಿಯಲು ಎಲ್ಲೆಲ್ಲಿಗೋ ಹೋದವರು ಬಸ್ಸಿನಲ್ಲಿ ನೇತಾಡಿಕೊಂಡು ಊರಿಗೆ ಬರುತ್ತಾರೆ. ಹಿರಿಯರು ಮೊಸರು, ಅಕ್ಕಿ, ಕುಂಕುಮ ಕಲಸಿ ಕಿರಿಯರ ಹಣೆಗೆ ಟೀಕಾ ಇಡುತ್ತಾರೆ. ಅಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಟೂರಿಸ್ಟುಗಳ ಸೀಸನ್ನೂ ಅದೇ. ಆ ಮೂರು ವಾರ ಮಕ್ಕಳು ಎಲ್ಲಿ ಇರಬೇಕು, ನಿನ್ನ ಜೊತೆ ಕೇರಂ ಆಡುತ್ತಲಾ?

"ನಾನು ಸುಮ್ನೆ ಆಡಿಸಲು ಹೋಗುತ್ತಿಲ್ಲ, ಇಂಗ್ಲಿಷ್ ಕಲಿಸುತ್ತೇನೆ" ಅನ್ನುತ್ತೀಯ. ನಿನಗೆ ನೇಪಾಳಿ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಕನ್ನಡ ಬಾರದ ಮಾಸ್ತರರನ್ನು ಕಾಸರಗೋಡಿನ ಕನ್ನಡ ಶಾಲೆಗಳಿಗೆ ಹಾಕಿದಾಗ ನಮ್ಮವರು ಶಾಲೆಯ ಎದುರು ಕೂತು ಪ್ರತಿಭಟನೆ ಮಾಡಿದರು. ಅವತ್ತು ನೀನೇ ಬೆಂಗಳೂರಿನಿಂದ "ಮಕ್ಕಳ ಪಾಡೇನು" ಅಂತ ದೊಡ್ಡ ದೊಡ್ಡ ಪೋಸ್ಟ್ ಹಾಕಿದ್ದೆ. ಆ ಮಕ್ಕಳಿಗೆ ಒಂದು ನ್ಯಾಯ, ಹುಮ್ಲಾದ ಮಕ್ಕಳಿಗೆ ಒಂದು ನ್ಯಾಯವಾ?

ನನಗೆ ಇದೆಲ್ಲ ಸರಿಯಾಗಿ ಅರ್ಥ ಆದದ್ದು ಪುಸ್ತಕದಿಂದ ಅಲ್ಲ, ನಮ್ಮ ಕಾಸರಗೋಡಿನದ್ದೇ ಎಣ್ಮಕಜೆಯ ತಾಯಂದಿರನ್ನು ನೋಡಿ. ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಕಥೆ ನಿನಗೆ ಗೊತ್ತಿದ್ದದ್ದೇ. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ವಿಷ ಸುರಿದರು. ಪಡ್ರೆ, ಸ್ವರ್ಗ, ವಾಣೀನಗರದ ಕಡೆ ಕಾಣಿಸಿದ ಕಾಯಿಲೆಗಳ ಬಗ್ಗೆ ಡಾಕ್ಟರ್ ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಿಗೆ ಎಚ್ಚರಿಸಿದರು. ನಡೆಯಲು ಆಗದ, ಮಾತು ಬಾರದ ಮಕ್ಕಳನ್ನು ಅಲ್ಲಿನ ತಾಯಂದಿರು ಹತ್ತಿಪ್ಪತ್ತು ವರ್ಷ ಎತ್ತಿಕೊಂಡೇ ಸಾಕಿದರು. ಕೂಲಿ ಬಿಟ್ಟರು, ಮದುವೆ ಮುಂಜಿಗೆ ಹೋಗುವುದು ಬಿಟ್ಟರು. ಅವರು ಕೇಳಿದ್ದೇನು? ಚಿಕಿತ್ಸೆ, ಪಿಂಚಣಿ, ಪರಿಹಾರ, ಹತ್ತಿರದಲ್ಲಿ ಒಂದು ಶಾಲೆ. ತಾವು ಹೋದ ಮೇಲೆ ಇವರನ್ನು ಯಾರು ನೋಡುತ್ತಾರೆ ಅನ್ನುವ ಭಯದಿಂದ ಪುನರ್ವಸತಿ ಗ್ರಾಮವನ್ನೂ ಕೇಳಿದರು, ಅದು ಬೇರೆ ಮಾತು. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂದಮೇಲೂ 2019ರಲ್ಲಿ ಮಕ್ಕಳನ್ನು ಕರೆದುಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯೆಟ್ಟಿನ ಎದುರು ಕೂರಬೇಕಾಯಿತು.

ಈಗ ನಮ್ಮ ಪಂಚಾಯತುಗಳಲ್ಲಿ ಇಂಥ ಮಕ್ಕಳಿಗೆಂದೇ ಬಡ್ಸ್ ಅನ್ನುವ ವಿಶೇಷ ಶಾಲೆಗಳು ಉಂಟು. ಬೆಳಿಗ್ಗೆ ವ್ಯಾನು ಬರುತ್ತದೆ, ಸಂಜೆ ಮಗು ವಾಪಸು ಮನೆಗೆ. ಫಿಸಿಯೋಥೆರಪಿ ಮಾಡುವವರು, ಕಲಿಸುವವರು ವರ್ಷಗಟ್ಟಲೆ ಅವರೇ. ಕೆಲಸ ದಿನಾ ಒಂದೇ ಥರ, ಫೋಟೋಕ್ಕೆ ಚಂದ ಕಾಣುವಂಥದ್ದಲ್ಲ. ಆ ತಾಯಂದಿರ ಕೈಗೆ ಸಿಕ್ಕಿದ ಅಷ್ಟಿಷ್ಟು ನನ್ನ ಅಮ್ಮನಿಗೆ ಆಗ ಸಿಕ್ಕಿದ್ದರೆ ನಾನು ಮನೆಯಿಂದಲೇ ನೀರ್ಚಾಲು ಶಾಲೆಗೋ ಪೆರಡಾಲ ಶಾಲೆಗೋ ನಡೆದು ಹೋಗುತ್ತಿದ್ದೆ. ಆಶ್ರಮದವರು ನನ್ನೊಬ್ಬನ ಮೇಲೆ ಖರ್ಚು ಮಾಡಿದ ದುಡ್ಡಿನಲ್ಲಿ ನಮ್ಮ ಇಡೀ ಮನೆ ನಡೆಯುತ್ತಿತ್ತು ಅಂತ ಈಗಲೂ ಅನಿಸುತ್ತದೆ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಕ್ಕಳನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಅನ್ನುತ್ತದೆ. ಮಿಷನ್ ವಾತ್ಸಲ್ಯ ಅನ್ನುವ ಸರಕಾರಿ ಯೋಜನೆಯಲ್ಲಿ ಕಷ್ಟದಲ್ಲಿರುವ ಮಗು ಮನೆಯಲ್ಲೇ ಉಳಿಯಲಿ ಅಂತ ತಿಂಗಳಿಗೆ 4,000 ರೂಪಾಯಿ ಕೊಡುವ ವ್ಯವಸ್ಥೆ ಉಂಟು. ನಮ್ಮ ಊರಲ್ಲೇ ಇದು ಎಷ್ಟು ಜನರಿಗೆ ಗೊತ್ತು? ಫಾರ್ಮ್ ತುಂಬಿಸಿ ಕೊಡುವವರು ಸಿಕ್ಕಿದರೂ ದೊಡ್ಡ ಉಪಕಾರ.

ಆದ್ದರಿಂದ ಒಂದು ಕೆಲಸ ಮಾಡು. ಏಜೆನ್ಸಿಗೆ ಇವತ್ತೇ ಮೇಲ್ ಹಾಕು. ಎಷ್ಟು ಮಕ್ಕಳಿಗೆ ತಂದೆ ತಾಯಿ ಇದ್ದಾರೆ, ಕಳೆದ ವರ್ಷ ಎಷ್ಟು ಮಂದಿಯನ್ನು ಮನೆಗೆ ಸೇರಿಸಿದರು, ದಶೈಂಗೆ ಕಳಿಸುತ್ತಾರಾ, ನನ್ನ ಮೇಲೆ ಕೇಸು ಇಲ್ಲ ಅನ್ನುವ ಪೊಲೀಸ್ ಸರ್ಟಿಫಿಕೇಟು ನೋಡದೆ ಮಕ್ಕಳ ಕೋಣೆಗೆ ಬಿಡುವುದು ಹೇಗೆ ಅಂತ ಕೇಳು. ಕಾಠ್ಮಂಡುವಿನಲ್ಲಿ ಹಾಗೆ ಬೇರ್ಪಟ್ಟ ಮಕ್ಕಳ ಊರು ಹುಡುಕಿ ಮನೆಗೆ ಮುಟ್ಟಿಸುವ ಸಂಸ್ಥೆಗಳೂ ಉಂಟು. ಮಕ್ಕಳನ್ನು ಮುಟ್ಟದೆ ಅವರಿಗೆ ಮಾಡಿಕೊಡಬಹುದಾದ ಕಂಪ್ಯೂಟರ್ ಕೆಲಸ ನಿನಗೆ ಚೆನ್ನಾಗಿಯೇ ಬರುತ್ತದೆ, ಬೆಂಗಳೂರಲ್ಲಿ ಕೂತೇ ಆಗುತ್ತದೆ.

ಟಿಕೆಟು ಕ್ಯಾನ್ಸಲ್ ಮಾಡಬೇಡ ಮತ್ತೆ. ಹೋಗು, ಪೋಖರಾ ನೋಡು, ಗುಡ್ಡ ಹತ್ತು, ಅಲ್ಲಿನವರ ಹೋಟೆಲಲ್ಲಿ ಉಂಡು ದುಡ್ಡು ಖರ್ಚು ಮಾಡು. ಆ ದುಡ್ಡು ಯಾವನಾದರೂ ಅಪ್ಪನ ಜೇಬಿಗೆ ಹೋಗುತ್ತದೆ. ನೀನು ನೇಪಾಳಕ್ಕೆ ಹೋಗುವ ಸುದ್ದಿ ಅಮ್ಮನಿಗೆ ಹೇಳಿದೆ, ಪಶುಪತಿನಾಥದಿಂದ ಒಂದು ರುದ್ರಾಕ್ಷಿ ತರಬೇಕಂತೆ. ಅಂಗಡಿಯವನು ಹೇಳಿದ ರೇಟಿಗೆ ಕೊಡಬೇಡ, ಚೌಕಾಸಿ ಮಾಡು.

ನಿನ್ನ,
ಬದಿಯಡ್ಕದವ