ತೂರಾಡದ ಹುಡುಗನಿಗೂ ಅಪಾಯವಿದೆ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಮದ್ಯಪಾನದ ಬಗ್ಗೆ ಶಾಲಾ ಮಕ್ಕಳಿಗೆ ತೋರಿಸುವ ಚಿತ್ರಗಳಲ್ಲಿ ಕುಡಿದವನು ತೊದಲುತ್ತಾನೆ, ತೂರಾಡುತ್ತಾನೆ, ಬಿದ್ದುಕೊಳ್ಳುತ್ತಾನೆ. ಅದು ದೊಡ್ಡವರ ಅಮಲು. ಅದನ್ನೇ ಅಳತೆಗೋಲು ಮಾಡಿಕೊಟ್ಟರೆ, ನೆಟ್ಟಗೆ ನಿಂತಿರುವ ಹುಡುಗ ತನಗೇನೂ ಆಗಿಲ್ಲ ಎಂದುಕೊಳ್ಳುತ್ತಾನೆ. ಈ ಪಾಠ ಬದಲಾಗಬೇಕು.

ಒಂದೇ ಪ್ರಮಾಣದ ಆಲ್ಕೋಹಾಲ್ ಕೊಟ್ಟಾಗ ಹದಿಹರೆಯದ ಇಲಿಗಳು ಬೆಳೆದ ಇಲಿಗಳಷ್ಟು ಬೇಗ ಮಂಪರಿಗೆ ಜಾರುವುದಿಲ್ಲ, ಅಷ್ಟು ತಡವರಿಸುವುದೂ ಇಲ್ಲ. ಆದರೆ ನೆನಪು ಕಟ್ಟುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ಅವುಗಳಲ್ಲೇ ಬೇಗ ಕೈಕೊಡುತ್ತದೆ. ನರಕೋಶಗಳ ಮೇಲೆ ಸಂಕೇತ ಹಿಡಿಯುವ, ಕಲಿಕೆಗೆ ಬೇಕಾದ ಎನ್‌ಎಂಡಿಎ ಗ್ರಾಹಕಗಳನ್ನು ಆಲ್ಕೋಹಾಲ್ ಅದುಮುತ್ತದೆ. (ಮಕ್ಕಳಿಗೆ ಕುಡಿಸಿ ಪರೀಕ್ಷಿಸುವಂತಿಲ್ಲವಾದ್ದರಿಂದ ಇಲಿಗಳನ್ನೇ ನೆಚ್ಚಬೇಕು, ಆ ಮಿತಿ ನಮಗೆ ಗೊತ್ತಿದೆ.) ದೊಡ್ಡವರಿಗೆ ನಿದ್ದೆಯೇ ಬ್ರೇಕು. ಆ ಬ್ರೇಕು ಸಡಿಲವಿದ್ದವನು ಇನ್ನೊಂದು ಗ್ಲಾಸು ಎತ್ತುತ್ತಾನೆ. ನಡೆಯುತ್ತಾನೆ, ಹರಟುತ್ತಾನೆ, ಫೋನಿನಲ್ಲಿ ಮಾತಾಡುತ್ತಾನೆ. ಮರುದಿನ ಕೇಳಿದರೆ ಒಂದೂ ನೆನಪಿಲ್ಲ, ಏಕೆಂದರೆ ಮಿದುಳು ಅದನ್ನು ದಾಖಲಿಸಿಯೇ ಇರಲಿಲ್ಲ.

ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಮಾಗುತ್ತಿರುತ್ತದೆ. ವಿಪರೀತ ಕುಡಿಯುವ ಹದಿಹರೆಯದವರ ಎಂಆರ್‌ಐಗಳಲ್ಲಿ ಬೂದು ದ್ರವ್ಯ (ನರಕೋಶಗಳಿರುವ ಭಾಗ) ವಯಸ್ಸಿಗೆ ಮೀರಿದ ವೇಗದಲ್ಲಿ ಕುಗ್ಗಿರುವುದೂ ಬಿಳಿ ದ್ರವ್ಯದ (ಅವುಗಳನ್ನು ಬೆಸೆಯುವ ನರತಂತುಗಳ) ಬೆಳವಣಿಗೆ ಹಿಂದುಳಿದಿರುವುದೂ ಕಂಡಿದೆ.

ಅಳತೆಯನ್ನೂ ವಯಸ್ಸಿಗೆ ತಕ್ಕಂತೆ ಹೇಳಬೇಕು. ಶೇ 5ರ ಬಿಯರ್ 355 ಮಿ.ಲೀ. ಎಂದರೆ ಸುಮಾರು 14 ಗ್ರಾಂ ಆಲ್ಕೋಹಾಲ್. ಎರಡು ಗಂಟೆಯೊಳಗೆ ಇಂಥ ಐದನ್ನು ಕುಡಿದರೆ ವಯಸ್ಕ ಗಂಡಸಿನ ರಕ್ತದಲ್ಲಿ ಅದು ವಿಪರೀತ ಕುಡಿತದ ಗಡಿಯಾದ ಶೇ 0.08 ಮುಟ್ಟುತ್ತದೆ. ಹದಿನೇಳರೊಳಗಿನ ಹುಡುಗಿಗೆ, ಹದಿಮೂರರೊಳಗಿನ ಹುಡುಗನಿಗೆ ಮೂರೇ ಸಾಕು. ದೇಹ ಗಂಟೆಗೆ ಕಳೆಯುವುದು ಸುಮಾರು ಶೇ 0.015 ಮಾತ್ರ, ಕಾಫಿ, ತಣ್ಣೀರು ಸ್ನಾನ ಅದನ್ನು ಚುರುಕುಗೊಳಿಸುವುದಿಲ್ಲ.

ಶಿಕ್ಷಕರಿಗೂ ಹಾಸ್ಟೆಲ್ ವಾರ್ಡನ್‌ಗಳಿಗೂ ಒಂದು ಅಭ್ಯಾಸ ಮಾಡಿಸಿ. ಎಬ್ಬಿಸಿದರೂ ಏಳದ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಾಡುವ ಅಥವಾ ಉಸಿರಿನ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಅಂತರವಿರುವ ಮಗುವಿಗೆ ಕೂಡಲೇ ಆಂಬುಲೆನ್ಸ್ ಕರೆಸಬೇಕು. ಅಲ್ಲಿಯವರೆಗೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಅಂಗಾತ ಬಿಟ್ಟರೆ ವಾಂತಿ ಶ್ವಾಸನಾಳಕ್ಕಿಳಿಯುತ್ತದೆ. ವಾಂತಿ ಮಾಡಿಸಲೂ ಹೋಗಬಾರದು. ಕೊನೆಯ ಗುಟುಕಿನ ನಂತರವೂ ರಕ್ತದ ಮಟ್ಟ ಏರಬಹುದು, ಹಾಗಾಗಿ ‘ಮಲಗಿ ಎದ್ದರೆ ಸರಿಹೋಗುತ್ತದೆ’ ಎಂದು ಒಂಟಿಯಾಗಿ ಬಿಡುವಂತಿಲ್ಲ. ಎಳೆಯರಲ್ಲಿ ರಕ್ತದ ಸಕ್ಕರೆಯೂ ಕುಸಿಯುವುದುಂಟು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಪರೀಕ್ಷೆ ತಪ್ಪಬಾರದು.

ಕರೆ ಮಾಡಿದರೆ ಶಾಲೆಯಿಂದ ತೆಗೆದುಹಾಕುತ್ತಾರೆಂಬ ಭಯಕ್ಕೆ ಗೆಳೆಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ನೆರವು ಕೋರಿದ ಮಕ್ಕಳ ಮೇಲೆ ಶಿಸ್ತುಕ್ರಮ ಇಲ್ಲವೆಂದು ಸುತ್ತೋಲೆ ಹೊರಡಿಸಿ.

ಇತಿ,
ಹದಿಹರೆಯದವರ ವ್ಯಸನ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು